ನಡುಮನೆಯ ಗುಂಡಿ

ಹೊನ್ನಾಳಿ
೧೮ ಜನವರಿ ೧೯೮೦

ಅವ್ವನಿಗೆ ಬೀರಲಿಂಗಪ್ಪನ ನಮಸ್ಕಾರ.

ಎಲ್ಲರೂ ಕಾಗದದ ಮೊದಲಿಗೆ ‘ನಾನು ಕ್ಷೇಮ’ ಎಂದು ಬರೆಯುತ್ತಾರೆ. ನನಗೆ ಹೋದ ವಾರ ಜ್ವರ ಬಂದಿತ್ತು, ಅದಕ್ಕೆ ಬರೆಯಲಿಲ್ಲ. ಈಗ ಬಿಟ್ಟಿದೆ. ಬಾಯಿ ಇನ್ನೂ ಕಹಿ.

ನೀನು ಪಕ್ಕದ ಮನೆಯ ಅಂಜಕ್ಕನ ಕೈಲಿ ಬರೆಸಿದ ಕಾಗದ ನಾನು ಕೆಲಸ ಮಾಡುವ ಸೈಕಲ್ ಶಾಪಿಗೇ ಬಂತು. ಮೂರು ಸಲ ಓದಿದೆ. ಹತ್ತಿ ಗಿರಣಿಯಲ್ಲಿ ಅಪ್ಪನಿಗೆ ಈಗ ವಾರ ಬಿಟ್ಟು ವಾರ ಕೆಲಸ, ಅಪ್ಪನ ಕೆಮ್ಮು ನಿಂತಿಲ್ಲ, ವಠಾರದ ಬಾಡಿಗೆ ಮತ್ತೆ ಏರಿಸಿದ್ದಾರೆ. ಇದೆಲ್ಲ ನನಗೆ ಅರ್ಥವಾಯಿತು. ಆದರೆ ಅಪ್ಪ ದಾವಣಗೆರೆ ಬಿಟ್ಟು ಯಾವುದಾದರೂ ಸಣ್ಣ ಊರಲ್ಲಿ ಮನೆ ಹಿಡಿದು ಮತ್ತೆ ಕಂಬಳಿ ಮಗ್ಗ ಹೂಡುತ್ತಾನೆ ಎಂದು ಬರೆಸಿದ್ದೀಯಲ್ಲ, ಅದನ್ನು ಅಂಜಕ್ಕ ತಪ್ಪಾಗಿ ಬರೆದಳೇನೋ ಎಂದುಕೊಂಡೆ. ಅಜ್ಜ ಸತ್ತಾಗ ನಮ್ಮೂರು ಸೊಕ್ಕೆಯಿಂದ ತಂದು ಅಟ್ಟಕ್ಕೆ ಹಾಕಿದ ಮಗ್ಗದ ಮರಗಳನ್ನು ಅಪ್ಪ ಒಂದು ದಿನವೂ ಇಳಿಸಿ ನೋಡಿದ್ದನ್ನು ನಾನು ಕಾಣೆ.

ನೀನು ಮನೆ ನೋಡು ಎಂದೆ, ನಾನು ನೋಡಿದೆ. ಹೊಳೆಯ ಕಡೆ ಹೋಗುವ ಬೀದಿಯಲ್ಲಿ ಎರಡಂಕಣದ ಮನೆ. ಬಾಡಿಗೆ ನಮ್ಮ ವಠಾರದ ಅರ್ಧವೂ ಇಲ್ಲ. ಮನೆಯವರು ಒಳ್ಳೆಯವರು, ಮಜ್ಜಿಗೆ ಕೊಟ್ಟರು. ಕುಡಿದ ಮೇಲೆ ಹೇಳಿದೆ: ನಮ್ಮಪ್ಪ ಕಂಬಳಿ ನೇಯುವವನು, ನಡುಮನೆಯ ನೆಲ ಅಗೆದು ಗುಂಡಿ ಮಾಡಬೇಕು, ನೇಯುವಾಗ ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಡಬೇಕು ಎಂದು.

“ಎಷ್ಟು ಆಳ?” ಎಂದರು.

“ಸೊಂಟದ ತನಕ.”

“ತಮ್ಮಾ, ಈ ಬೀದಿಯಾಗೆ ಮೊಣಕಾಲುದ್ದ ಅಗೆದ್ರೆ ಮಳೆಗಾಲಕ್ಕೆ ನೀರು ಒಸರ್ತೈತೆ. ನಿಮ್ಮಪ್ಪ ಕಂಬಳಿ ನೇಯಾಕೆ ಬರ್ತಾನೋ ಕಪ್ಪೆ ಸಾಕಾಕೆ ಬರ್ತಾನೋ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆ ಹೋಯಿತು.

ದಾವಣಗೆರೆ ಇಲ್ಲಿಗೆ ಬಸ್ಸಿನಲ್ಲಿ ಎರಡು ತಾಸು. ಕಾಗದಕ್ಕೆ ಮೂರು ದಿನ ಬೇಕು. ಹಾಗಿದ್ದೂ ಕಾಗದವನ್ನೇ ಬರೆಯುತ್ತಿದ್ದೇನೆ. ಯಾಕೆ ಎಂದು ನಿನಗೆ ಗೊತ್ತು. ಒಂಬತ್ತನೇ ಕ್ಲಾಸಿನ ಲೆಕ್ಕದ ಪೇಪರಿನಲ್ಲಿ ಮೇಷ್ಟರು ಅಂಕ ಕೂಡುವಾಗ ಹತ್ತು ಹೆಚ್ಚು ಕೂಡಿ ನನ್ನನ್ನು ಪಾಸು ಮಾಡಿದ್ದರು. ನಾನೇ ಹೋಗಿ ಹೇಳಿ ಫೇಲಾದೆ. ಅಪ್ಪ ಅಂದದ್ದು ಫೇಲಾದದ್ದಕ್ಕಲ್ಲ, ಹೇಳಿದ್ದಕ್ಕೆ. “ಇಂಥಾ ಬಾಯಿ ಇಟ್ಕೊಂಡು ನಿಂಗೆ ಯಾರ ಸೂರಿನ ಕೆಳಗೂ ಜಾಗ ಸಿಗಾಕಿಲ್ಲ.” ಸರಿ, ನೋಡೋಣ ಎಂದು ಹೊರಟವನು ನಾನು.

ರೊಟ್ಟಿ ತಿಂದು ಬಹಳ ದಿನವಾಯಿತು.

ನಿನ್ನ ಮಗ
ಬೀರ

*

ದಾವಣಗೆರೆ
೫ ಫೆಬ್ರವರಿ ೧೯೮೦

ನನ್ನ ಮಗ ಬೀರಂಗೆ ಹೊನ್ನೂರಮ್ಮ ಬರೆಸೋದು ಏನಂದ್ರೆ,

ಜ್ವರ ಬಂದಿದ್ದು ಬಿಟ್ಟ ಮೇಲೆ ಹೇಳ್ತೀಯಲ್ಲೋ, ಬಂದಾಗ ಹೇಳಾಕೆ ಏನಾಗಿತ್ತು? ಮೆಣಸು, ಶುಂಠಿ ಹಾಕಿ ಕಷಾಯ ಕುಡಿ. ತಲೆಗೆ ಎಣ್ಣೆ ಹಚ್ಕೋ.

ಮನೆ ಹೋಯ್ತು ಅಂತ ನಕ್ಕು ಬರೆದಿದ್ದೀಯ. ನಿಮ್ಮಪ್ಪ ನಗಲಿಲ್ಲ. ಅವನು ಅನ್ನೋದು ಇಷ್ಟೆ. ಗುಂಡಿ ವಿಚಾರ ಎತ್ತಬ್ಯಾಡ. ಒಳಗೆ ಹೋದ ಮೇಲೆ ನಾವು ಅಗೆದುಕೊಂಡ್ರಾತು, ಬಿಡೋವಾಗ ಮುಚ್ಚಿ ಸಾರಿಸಿ ಕೊಟ್ರಾತು. ಇದು ಸುಳ್ಳಲ್ಲ ಮಗನೇ, ಸುಮ್ಮನಿರೋದು. ಸುಮ್ಮನಿರೋದಕ್ಕೂ ಸುಳ್ಳಿಗೂ ಫರಕು ಐತೆ.

(ಬೀರಣ್ಣ, ಇದನ್ನ ನಿಮ್ಮವ್ವ ಎರಡು ಸಲ ಬರೆಯಾಕೆ ಹೇಳಿದ್ಲು, ನಾನು ಒಂದೇ ಸಲ ಬರೆದೀನಿ. ಅಂಜಮ್ಮ.)

ಬೀದಿನೂ ನೋಡು. ಉದ್ದ ಇರಬೇಕು, ನೆಟ್ಟಗಿರಬೇಕು. ಹಾಸು ಅಂದ್ರೆ ಉದ್ದದ ಉಣ್ಣೆ ಎಳೆ, ಅದನ್ನ ಬೀದಿಗುಂಟ ಬಿಗಿದು ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಬೇಕು. ನೀನು ಸಣ್ಣವನಿದ್ದಾಗ ಅದರ ಕೆಳಗೆ ನುಸುಳಿ ಆಡ್ತಿದ್ದೆ, ನಿಮ್ಮಜ್ಜ ಕುಂಚದಾಗೆ ಬೆನ್ನಿಗೆ ಬಾರಿಸ್ತಿದ್ದ.

ಯಾವ ಊರಾದ್ರೂ ಆಗ್ಲಿ, ಜಗಳೂರು ಕಡೆ ಮಾತ್ರ ಬ್ಯಾಡಂತೆ ನಿಮ್ಮಪ್ಪಂಗೆ, ಸೊಕ್ಕೆ ಅಲ್ಲಿಗೆ ಹತ್ರ. ಗಿರಣಿಗೆ ಸೇರಾಕೆ ಸೊಕ್ಕೆ ಬಿಟ್ಟು ಬರೋವಾಗ ಬೀದಿಯವರೆಲ್ಲರ ಮುಂದೆ ನಿಮ್ಮಜ್ಜನಿಗೆ, ಇನ್ನು ಈ ಗುಂಡಿಗೆ ಕಾಲಿಡಲ್ಲ ಅಂದು ಬಂದಾನೆ. ಈಗ ಯಾವ ಮುಖ ಇಟ್ಕೊಂಡು ಹೋಗಲಿ ಅಂತಾನೆ.

ರೊಟ್ಟಿ ಬಡಿಯೋವಾಗ ಒಂದು ಜಾಸ್ತಿ ಆಗ್ತೈತೆ ದಿನಾ. ಕೈಗೆ ಲೆಕ್ಕ ತಪ್ಪೈತೆ.

ನಿಮ್ಮವ್ವ

*

ಚನ್ನಗಿರಿ
೨ ಏಪ್ರಿಲ್ ೧೯೮೦

ಅವ್ವನಿಗೆ,

ಸೈಕಲ್ ಶಾಪು ಬಿಟ್ಟೆ. ಬಿಟ್ಟೆ ಎಂದರೆ ಅರ್ಧ ನಿಜ. ಪಂಚರ್ ಹಾಕಿದ ಹಳೆ ಟ್ಯೂಬನ್ನು ಹೊಸದೆಂದು ಕೊಟ್ಟರು, ಗಿರಾಕಿ ನನ್ನನ್ನು ಕೇಳಿದ, ನಾನು ಹೇಳಿದೆ. ಈಗ ಚನ್ನಗಿರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೇನೆ. ಇಲ್ಲಿ ಗಿರಾಕಿಗಳು “ಇಡ್ಲಿ ಹೆಂಗೈತಪ್ಪಾ?” ಎಂದು ಕೇಳುತ್ತಾರೆ. ಇದೂ ಎಷ್ಟು ದಿನವೋ.

ಕೋಟೆ ಗುಡ್ಡದ ಬುಡದ ಬೀದಿಯಲ್ಲಿ ಒಂದು ಮನೆ ಸಿಕ್ಕಿತ್ತು. ನೀನು ಹೇಳಿದಂಥದೇ ಬೀದಿ. ಬಿಸಿಲು ಬೆಳಿಗ್ಗೆಯಿಂದ ಸಂಜೆಯವರೆಗೆ. ಬಾವಿ ಹಿತ್ತಿಲಲ್ಲೇ. ಮನೆಯ ಯಜಮಾನ ಬಂಗಾರಪ್ಪನವರು, ಎಲೆಯಡಿಕೆ ಬಾಯಿ, ದೊಡ್ಡ ಮನಸ್ಸು. ನಾನು ನಿನ್ನ ಮಾತು ನೆನೆದು ತುಟಿ ಕಚ್ಚಿಕೊಂಡು ನಿಂತೆ. ಬೀಗದ ಕೈ ನನ್ನ ಕೈಗೇ ಕೊಟ್ಟರು. ಅಷ್ಟರಲ್ಲಿ ಕೇಳಿಬಿಟ್ಟರು:

“ಮತ್ತೇನಾರ ಐತೇನಪ್ಪಾ ಹೇಳಾದು?”

ಅವ್ವ, ಕೇಳದಿದ್ದರೆ ಸುಮ್ಮನಿರಬಹುದು. ಕೇಳಿದ ಮೇಲೆ ಇಲ್ಲ ಅಂದರೆ ಅದು ಸುಮ್ಮನಿರುವುದಲ್ಲ.

“ಐತೆ. ನಡುಮನೆಯಾಗೆ ಒಂದು ಗುಂಡಿ ತೆಗೀಬೇಕು,” ಎಂದೆ.

ಅವರು ಜಗುಲಿಯ ಮೇಲೆ ಕೂತುಬಿಟ್ಟರು. ಸುತ್ತ ನೋಡಿ, ದನಿ ಇಳಿಸಿ, “ನಿಂಗೆ ಯಾರು ಹೇಳಿದ್ರು?”

“ಏನಂತ?”

“ಅದೇ, ಇಲ್ಲೈತೆ ಅಂತ.”

“ಏನೈತೆ ಅಂತ?”

“ಭಾರೀ ಜಾಣ ಇದ್ದೀಯ ಬಿಡು. ನಮ್ಮಜ್ಜಾನೂ ಅಂತಿದ್ದ, ಕೋಟೆಯೋರು ಓಡಿಹೋಗೋವಾಗ ಹೂತಿಟ್ಟು ಹೋಗ್ಯಾರೆ ಅಂತ. ಬಾಡಿಗೆಗೆ ಬಂದು ಅಗೆದುಕೊಂಡು ಹೋಗಾಕೆ ನೋಡ್ತೀಯಾ?”

ಕಂಬಳಿ, ಮಗ್ಗ, ಅಪ್ಪನ ಕೆಮ್ಮು, ಎಲ್ಲ ಹೇಳಿದೆ. ಹೇಳಿದಷ್ಟೂ ಅವರ ಕಣ್ಣು ದೊಡ್ಡದಾಯಿತು. ಬೀಗದ ಕೈ ಕಿತ್ತುಕೊಂಡರು. ಮಾರನೆಯ ದಿನದಿಂದ ಬಂಗಾರಪ್ಪನವರು ಬಾಗಿಲು ಹಾಕಿಕೊಂಡು ತಾವೇ ಅಗೆಯುತ್ತಿದ್ದಾರೆ. ಹಾರೆಯ ಸದ್ದು ಬೀದಿಗೆ ಕೇಳುತ್ತದೆ. ನಿನ್ನೆ ಕಿಟಕಿಯಲ್ಲಿ ಇಣುಕಿ ನೋಡಿದೆ. ಗುಂಡಿ ನಮ್ಮ ಮಗ್ಗಕ್ಕೆ ಸರಿಯಾಗಿ ಬಂದಿದೆ. ಆದರೆ ಅವರು ಇನ್ನೂ ನಿಲ್ಲಿಸುವ ಹಾಗೆ ಕಾಣುವುದಿಲ್ಲ.

ಹೋಟೆಲಿನಲ್ಲಿ ಎಲ್ಲರೂ ನನ್ನನ್ನು ‘ನಿಧಿ’ ಎಂದು ಕೂಗುತ್ತಾರೆ. “ಏ ನಿಧಿ, ಎರಡು ಟೀ.” ಕೆಲವರು ಸಂಜೆ ಪಕ್ಕಕ್ಕೆ ಕರೆದು, ನಮ್ಮ ಮನೆಯಾಗೆ ಏನಾರ ಐತಾ ನೋಡ್ತೀಯಾ ಎಂದೂ ಕೇಳಿದ್ದಾರೆ. ಇಲ್ಲ ಅಂದರೆ ನಂಬುವುದಿಲ್ಲ. ಈ ಊರಲ್ಲಿ ಇನ್ನು ಯಾರೂ ನಮಗೆ ಮನೆ ಕೊಡುವುದಿಲ್ಲ.

ಒಂದು ಕೇಳುತ್ತೇನೆ, ಅಪ್ಪನಿಗೂ ಕೇಳಿ ಬರೆಸು. ಉಣ್ಣೆಯಲ್ಲೂ ಧೂಳು ಇರುವುದಿಲ್ಲವೇ? ಹತ್ತಿಯ ಧೂಳು ಬಿಟ್ಟು ಉಣ್ಣೆಯ ಧೂಳಿಗೆ ಬಂದರೆ ಕೆಮ್ಮು ಹೋಗುತ್ತದೆಯೇ?

ಬೀರ

*

ದಾವಣಗೆರೆ
೨೦ ಏಪ್ರಿಲ್ ೧೯೮೦

ಮಗ ಬೀರಂಗೆ,

ಒಂದು ಮಾತು ನುಂಗಿದ್ರೆ ನಿಂಗೆ ಹೊಟ್ಟೆನೋವು ಬರ್ತೈತೇನೋ? ಬೀಗದ ಕೈ ಕೈಗೆ ಬಂದಿತ್ತಲ್ಲೋ!

ಆದ್ರೆ ಒಂದು ಹೇಳ್ತೀನಿ ಕೇಳು. ಅಂಜಮ್ಮ ಬಂಗಾರಪ್ಪನ ವಿಚಾರ ಓದೋವಾಗ ನಿಮ್ಮಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಭುಜ ಅಲ್ಲಾಡಿದ್ದು ನೋಡಿ ಕೆಮ್ಮು ಬಂತೇನೋ ಅಂತ ನೀರು ತಂದೆ. ನಗ್ತಿದ್ದ. ಎಷ್ಟು ದಿನ ಆಗಿತ್ತೋ. ಆಮೇಲೆ ನಿಜವಾಗ್ಲೂ ಕೆಮ್ಮು ಬಂತು. ತಿರುಗಾ ಓದಿಸಿದ.

ಧೂಳಿನ ವಿಚಾರ ಕೇಳಿದೆ. ಉಣ್ಣೇಲೂ ಧೂಳೈತೆ ಅಂದ. ಆಮೇಲೆ ಎದ್ದು ಕೂತು, ಗಿರಣೀಲಿ ಕಿಟಕಿ ತೆಗೆಯಾಕೆ ಬಿಡಲ್ಲ, ಎಳೆ ಕಡೀತೈತೆ ಅಂತಾರೆ, ನನ್ನ ಮಗ್ಗದ ಮುಂದಿನ ಬಾಗಿಲು ತೆಗೆಯೋದು ನಾನು ಅಂದ. ಡಾಕ್ಟರೂ ಗಾಳಿ ಬೇಕು ಅಂದಾರೆ. ಇಷ್ಟೇ ಗೊತ್ತು ನಂಗೆ.

ಬೇಸಿಗೆ ಮುಗಿಯೋದ್ರೊಳಗೆ ಏನಾರ ಒಂದು ಆಗಬೇಕು. ಬಾಡಿಗೆ ಕೇಳೋರು ದಿನಾ ಬಾಗಿಲಿಗೆ ಬರ್ತಾರೆ.

ನಿಮ್ಮವ್ವ

(ಬೀರಣ್ಣ, ಇಲ್ಲಿಂದ ನಾನು ಬರೀತಿರೋದು. ನಿಮ್ಮವ್ವ ವಠಾರದ ಎಲ್ಲಾ ಮನೆಗೂ ಹೋಗಿ ಹುಣಸೆಬೀಜ ಕೇಳಿ ತಂದು ಡಬ್ಬಿ ತುಂಬಿಸ್ತಾವಳೆ. ಚಿಲ್ಲರೆ ಡಬ್ಬಿ ಅಲ್ಲ, ಸೀಮೆಎಣ್ಣೆ ಡಬ್ಬಿ. ಆಯಮ್ಮ ಹುಡುಕ್ತಿರೋದು ಅಗ್ಗದ ಊರಲ್ಲ ಬೀರಣ್ಣ, ನೀನಿರೋ ಊರು. ಇದನ್ನ ನಾನು ಬರೆದೆ ಅಂತ ಹೇಳಬ್ಯಾಡ. ಅಂಜಮ್ಮ.)

*

ನ್ಯಾಮತಿ
೨೨ ಜುಲೈ ೧೯೮೦

ಅವ್ವನಿಗೆ,

ಮೊದಲು ಅಂಜಕ್ಕನಿಗೆ ಒಂದು ಮಾತು. ಅಕ್ಕಾ, ನೀನು ಹೇಳಬೇಡ ಅಂದದ್ದನ್ನು ಹೇಳದೆ ಈ ಕಾಗದ ಬರೆಯಲು ನನಗೆ ಆಗುತ್ತಿಲ್ಲ. ಓದಿ ಹೇಳುವವಳು ನೀನೇ, ಬೇಕಾದರೆ ದಾಟಿಸಿ ಓದು.

ನ್ಯಾಮತಿಗೆ ಬಂದು ಎರಡು ತಿಂಗಳಾಯಿತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತೇನೆ. ಮೈಯೆಲ್ಲ ತೌಡು. ಇಲ್ಲಿ ಸುಳ್ಳು ಹೇಳಿಸುವ ಕೆಲಸ ಇನ್ನೂ ಯಾರೂ ಕೊಟ್ಟಿಲ್ಲ.

ಮನೆ ಸಿಕ್ಕಿದೆ. ಯಜಮಾನ ಗೋಣೆಪ್ಪ ಎಂಬವರು. ಗುಂಡಿಯ ವಿಚಾರ ಮೊದಲೇ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನನ್ನ ಮನೆಯಾಗೆ ಬ್ಯಾರೆ ಗುಂಡಿ ತೆಗೀಬೇಕೇನಪ್ಪಾ? ಸೂರು ಸೋರಿ ಸೋರಿ ಆಗ್ಲೇ ನಾಕೈದು ಬಿದ್ದಾವೆ. ನಿಮ್ಮಪ್ಪಂಗೆ ಯಾವುದು ಬೇಕೋ ಅದರಾಗೆ ಕೂತ್ಕಳ್ಳಿ.” ಸೂರಿಗೆ ಹೊಸ ಹೆಂಚು ಹೊದಿಸಿಕೊಡುತ್ತಾರೆ. ಬಾಡಿಗೆ ಎಲ್ಲಾ ಊರಿಗಿಂತ ಕಡಿಮೆ. ಕಂಬಳಿಗೆ ಗಿರಾಕಿ ಇಲ್ಲಿಯಷ್ಟು ಎಲ್ಲೂ ಇಲ್ಲ, ಗದ್ದೆಗೆ ಹೋಗುವವರೆಲ್ಲ ತಲೆಯ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡೇ ಹೋಗುತ್ತಾರೆ. ನಾನೂ ಇಲ್ಲೇ ಇದ್ದೇನೆ. ನಿನಗೆ ಬೇಕಾದ್ದೆಲ್ಲ ಇಲ್ಲಿದೆ.

ಇಷ್ಟು ಬರೆದು ನಿಲ್ಲಿಸಿ ಅಂಚೆಗೆ ಹಾಕಿದ್ದರೆ ನೀವು ಮುಂದಿನ ವಾರವೇ ಬಂದುಬಿಡುತ್ತಿದ್ದಿರಿ. ಎರಡು ದಿನ ಕಾಗದವನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಅಂಚೆ ಡಬ್ಬಿಯ ಮುಂದೆ ಎರಡು ಸಲ ನಿಂತೆ. ಈಗ ಉಳಿದದ್ದನ್ನೂ ಬರೆಯುತ್ತೇನೆ.

ಹಾಸು ಇಲ್ಲಿ ಒಣಗುತ್ತದೋ ನೋಡೋಣವೆಂದು ಕುರಿಯವನ ಹತ್ತಿರ ಒಂದಷ್ಟು ನೂಲು ಕೊಂಡೆ. ಹುಣಸೆಬೀಜ ಕುಟ್ಟಿ, ಬೇಯಿಸಿ, ಗಂಜಿ ಮಾಡಿ ಹಚ್ಚಿ, ಗೋಣೆಪ್ಪನವರ ಮನೆಯ ಮುಂದೆ ಲೈಟು ಕಂಬದಿಂದ ಹುಣಸೆ ಮರಕ್ಕೆ ಬಿಗಿದೆ. ಮಳೆ ನಿಂತಾಗ ಹೊರಗೆ ಕಟ್ಟಿದೆ, ಬಂದಾಗ ಬಿಚ್ಚಿ ಒಳಗೆ ತಂದೆ. ನಾಲ್ಕನೇ ದಿನಕ್ಕೂ ಅಂಟಂಟು. ಆಮೇಲೆ ಬೂಷ್ಟು ಹಿಡಿಯಿತು. ಕಡೆಗೆ ಮೇಕೆಯೊಂದು ಬಂದು ಗಂಜಿಯ ಸಮೇತ ನೆಕ್ಕಿ ಒಂದು ಮೊಳ ತಿಂದುಹಾಕಿತು. ಕಂಬಳಿ ಬೇಕಾಗುವ ಊರು ಇದು, ಆದರೆ ಕಂಬಳಿ ಹುಟ್ಟುವ ಊರಲ್ಲ. ಗೋಣೆಪ್ಪನವರ ಮನೆಯಲ್ಲಿ ತೇವದ ವಾಸನೆಯೂ ಇದೆ. ಅಪ್ಪನ ಎದೆಗೆ ಆಗದು.

ಇನ್ನೊಂದು. ನಾನಿದ್ದೇನೆ ಎಂದು ಬರಬೇಡ, ಅವ್ವ. ನಾಲ್ಕು ತಿಂಗಳು ಒಂದು ಕಡೆ ಇದ್ದರೆ ನನ್ನ ಅಂಗಾಲು ತುರಿಸಲು ಶುರುವಾಗುತ್ತದೆ. ದೀಪಾವಳಿಗೆ ನಾನು ಈ ಊರಲ್ಲಿ ಇರುತ್ತೇನೆ ಎಂದು ಹೇಳಲಾರೆ. ನೀವು ಸಾಮಾನು ಇಳಿಸಿಕೊಂಡ ಮೇಲೆ ನಾನು ಹೊರಟರೆ ನೀನು ಈ ಮಳೆಯಲ್ಲಿ, ಗುರುತಿಲ್ಲದ ಬೀದಿಯಲ್ಲಿ, ಒಣಗದ ಹಾಸಿನ ಮುಂದೆ ಕೂತಿರುತ್ತೀಯ. ಅದನ್ನು ನೆನೆಸಿಕೊಂಡರೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ನೀನು ಬಂದರೆ ಬಿಸಿರೊಟ್ಟಿ ಸಿಗುತ್ತಿತ್ತು. ಇದೂ ನಿಜವೇ. ಬರೆಯದೆ ಬಿಟ್ಟರೆ ಮೋಸವಾಗುತ್ತದೆ.

ಬೀರ

*

ನ್ಯಾಮತಿ
೩ ಸೆಪ್ಟೆಂಬರ್ ೧೯೮೦

ಅವ್ವನಿಗೆ,

ಆಗಸ್ಟಿನಲ್ಲಿ ಒಂದು ಕಾರ್ಡು ಹಾಕಿದ್ದೆ. ಅದಕ್ಕೂ ಉತ್ತರ ಇಲ್ಲ, ಅದಕ್ಕೆ ಮೊದಲಿನದಕ್ಕೂ ಇಲ್ಲ. ಅಂಜಕ್ಕ ಊರಲ್ಲಿಲ್ಲವೇ? ಅಪ್ಪ ಹೇಗಿದ್ದಾನೆ? ಬೈಯುವುದಿದ್ದರೆ ಬೈದಾದರೂ ಬರೆಸು.

ಗೋಣೆಪ್ಪನವರು ಮನೆಯನ್ನು ಬೇರೆಯವರಿಗೆ ಕೊಟ್ಟರು.

ಬೀರ

*

ದಾವಣಗೆರೆ
೨೧ ಸೆಪ್ಟೆಂಬರ್ ೧೯೮೦

ಬೀರಲಿಂಗಪ್ಪನಿಗೆ ನಿಮ್ಮಪ್ಪ ಬರೆಯುವುದು,

ನಿಮ್ಮವ್ವ ಅತ್ತಳು. ಅದಕ್ಕೆ ಕಾಗದ ಬರೆಸಲಿಲ್ಲ. ಈಗ ಅಳುವುದಿಲ್ಲ.

ನಿನ್ನ ಗಂಜಿ ತೆಳುವಾಗಿತ್ತು. ಬೀಜವನ್ನು ಮೊದಲು ಹುರಿದು ಸಿಪ್ಪೆ ಬಿಡಿಸಬೇಕು, ಆಮೇಲೆ ನೆನೆಸಿ ಅರೆಯಬೇಕು. ಹಾಗೆ ಮಾಡಿದ್ದರೂ ಆ ಊರಲ್ಲಿ ಒಣಗುತ್ತಿರಲಿಲ್ಲ. ನೀನು ಹೇಳಿದ್ದು ಸರಿ.

ಹಾಸನ್ನು ಕಂಬಕ್ಕೂ ಮರಕ್ಕೂ ಕಟ್ಟಬಾರದು. ಒಂದು ತುದಿಗೆ ಗೂಟ ಆದೀತು, ಇನ್ನೊಂದು ತುದಿಗೆ ಮನುಷ್ಯ ಇರಬೇಕು. ಎಷ್ಟು ಬಿಗಿಯಬೇಕು, ಯಾವಾಗ ಸಡಿಲ ಬಿಡಬೇಕು ಎನ್ನುವುದು ಕೈಗೆ ತಿಳಿಯುತ್ತದೆ, ಕಂಬಕ್ಕೆ ತಿಳಿಯುವುದಿಲ್ಲ. ನಮ್ಮಪ್ಪನ ಹಾಸಿನ ತುದಿ ನಾನು ಹಿಡಿಯುತ್ತಿದ್ದೆ.

ಉಚ್ಚಂಗೆಪ್ಪ

*

ಜಗಳೂರು
೧೬ ನವೆಂಬರ್ ೧೯೮೦

ಅಪ್ಪನಿಗೆ ಬೀರಲಿಂಗಪ್ಪನ ನಮಸ್ಕಾರ.

ನಿನಗೆ ಕಾಗದ ಬರೆಯುವುದು ಇದೇ ಮೊದಲು. ಹೇಗೆ ಬರೆಯಬೇಕೆಂದು ಗೊತ್ತಿಲ್ಲ, ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀನು ಬೇಡ ಅಂದ ಊರಿಗೆ ಬಂದಿದ್ದೇನೆ. ನಿನ್ನ ಕಾರ್ಡು ಬಂದ ಮೇಲೆ ನ್ಯಾಮತಿಯಲ್ಲಿ ಕೂರಲು ಆಗಲಿಲ್ಲ. ದೀಪಾವಳಿಯ ಹಿಂದಿನ ದಿನ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ನಿಲ್ದಾಣದಿಂದ ನಮ್ಮ ವಠಾರ ಎಷ್ಟು ಹತ್ತಿರ ಎಂದು ನಿನಗೆ ಗೊತ್ತು. ಹೋಗಲಿಲ್ಲ. ಬರಿಗೈಯಲ್ಲಿ ಬರಬಾರದು ಅನ್ನಿಸಿತು.

ಇಲ್ಲಿ ಬಿಸಿಲು ಬೇಕಾದಷ್ಟಿದೆ. ಬೀದಿ ನೆಟ್ಟಗಿದೆ, ಅಗಲವಾಗಿದೆ. ಕುರಿಮಂದೆ ದಿನಾ ಊರ ಮುಂದೆಯೇ ಹಾದುಹೋಗುತ್ತದೆ. ನೀರು ದೂರ, ಕೊಡ ಹೊತ್ತು ತರಬೇಕು. ಅವ್ವನಿಗೆ ಇದನ್ನು ಮೊದಲೇ ಹೇಳು. ಬಾಡಿಗೆ ನ್ಯಾಮತಿಯದಕ್ಕಿಂತ ಸ್ವಲ್ಪ ಹೆಚ್ಚು, ವಠಾರದ್ದಕ್ಕಿಂತ ಬಹಳ ಕಡಿಮೆ.

ಮೂರು ಮನೆ ಕೇಳಿದೆ. ಗುಂಡಿ ಎಂದೊಡನೆ ಮೂವರೂ ಬಾಗಿಲು ಹಾಕಿಕೊಂಡರು. ನಾಲ್ಕನೆಯದು ಕೊಟ್ರಮ್ಮ ಎಂಬ ಅಜ್ಜಿಯ ಮನೆ. ಮಗಳ ಮನೆ ಪಕ್ಕದಲ್ಲೇ, ಅಲ್ಲಿ ಮಲಗುತ್ತಾಳೆ. ಇದು ಖಾಲಿ ಬಿದ್ದಿದೆ. ನಾನು ಬಾಗಿಲಲ್ಲಿ ನಿಂತೇ, ಮನೆ ಬೇಕು, ನಡುಮನೆಯಲ್ಲಿ ಗುಂಡಿ ತೆಗೆಯುತ್ತೇವೆ, ಆಗದಿದ್ದರೆ ಈಗಲೇ ಹೇಳಿ ಎಂದೆ. ದಣಿದಿದ್ದೆ, ಮಾತು ಒರಟಾಗಿ ಬಂತು.

“ಒಳಗೆ ಬಾರೋ,” ಅಂದಳು.

ನಡುಮನೆಯಲ್ಲಿ ಒಂದು ಚಪ್ಪಡಿ ಕಲ್ಲು. ಸರಿಸು ಅಂದಳು, ಸರಿಸಿದೆ. ಕೆಳಗೆ ಹಗೇವು. ಜೋಳ ತುಂಬಿಡುತ್ತಿದ್ದರಂತೆ. ಈಗ ಜೋಳ ಹೊಲದಿಂದಲೇ ಮಾರಿಹೋಗುತ್ತದೆ, ಹಗೇವಿಗೆ ತುಂಬುವಷ್ಟು ಯಾರಲ್ಲೂ ಉಳಿಯುವುದಿಲ್ಲ. ಒಂದು ಕುರಿಮರಿ ಬಿದ್ದು ಸತ್ತ ಮೇಲೆ ಕಲ್ಲು ಮಣ್ಣು ಹಾಕಿಸಿ ಮುಚ್ಚಿಸಲು ಹೋಗಿ, ಆಳು ಸಿಗದೆ ಅರ್ಧಕ್ಕೇ ಬಿಟ್ಟಿದ್ದಾಳೆ. ಇಳಿದು ನಿಂತೆ. ಸೊಂಟದ ತನಕ ಬಂತು.

“ಇದನ್ನ ನೋಡಿ ಬಾಡಿಗೆಗೆ ಬಂದೋರೆಲ್ಲ ವಾಪಸ್ ಹೋದ್ರು. ನೀನೊಬ್ಬ ಗುಂಡಿ ಬೇಕು ಅಂತ ಹುಡುಕ್ಕೊಂಡು ಬಂದೀಯ,” ಅಂದಳು. “ಖಾಲಿ ಗುಂಡಿ ಕಂಡ್ರೆ ನಂಗೆ ಭಯ ಕಣೋ. ಮನುಷ್ಯ ಕೂತ್ರೆ ಭಯ ಯಾಕೆ? ಯಾರ ಮಗ ನೀನು?”

ಅಪ್ಪ, ಇಲ್ಲಿ ಸುಮ್ಮನಿರಬಹುದಿತ್ತು. ಸೊಕ್ಕೆ ಇಲ್ಲಿಗೆ ಬಹಳ ದೂರವೇನಲ್ಲ. ನಿನ್ನ ಹೆಸರು ಹೇಳಿದೆ. ಇನ್ನು ಈ ಗುಂಡಿಗೆ ಕಾಲಿಡುವುದಿಲ್ಲ ಎಂದು ಬೀದಿಯವರ ಮುಂದೆ ಅಂದು ಹೋದವನು, ಅದಕ್ಕೇ ಈ ಕಡೆ ಬರಲು ನಾಚುತ್ತಾನೆ ಎಂದೂ ಹೇಳಿದೆ. ನಿನಗೆ ಕೋಪ ಬರುತ್ತದೆಂದು ಗೊತ್ತು.

ಕೊಟ್ರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. “ಅವನು ಸೊಕ್ಕೆ ಗುಂಡಿಗೆ ಕಾಲಿಡಲ್ಲ ಅಂದಾನೆ. ನನ್ನ ಗುಂಡಿಗೆ ಏನೂ ಅಂದಿಲ್ಲವಲ್ಲ? ಬರಾಕೆ ಹೇಳು. ಮೊದಲನೇ ಕಂಬಳಿ ನಂಗೆ ಕೊಡಬೇಕು, ಚಳಿಗಾಲಕ್ಕೆ. ಪುಕ್ಕಟೆ ಬ್ಯಾಡ, ಬಾಡಿಗೇಲಿ ಮುರ್ಕೊಳ್ಳಿ.”

ಬೀಗದ ಕೈ ನನ್ನ ಹತ್ತಿರ ಇದೆ. ಮತ್ತೇನಾದರೂ ಹೇಳುವುದಿದೆಯೇ ಎಂದು ಆಕೆ ಕೇಳಲಿಲ್ಲ. ನನ್ನಲ್ಲಿ ಏನೂ ಉಳಿದಿರಲೂ ಇಲ್ಲ.

ನಾನು ಎಷ್ಟು ದಿನ ಇರುತ್ತೇನೆ ಎಂದು ಕೇಳಬೇಡ. ಹಾಸು ಹೂಡುವ ದಿನ ಇನ್ನೊಂದು ತುದಿಯಲ್ಲಿ ಇರುತ್ತೇನೆ. ಇಷ್ಟು ಖಂಡಿತವಾಗಿ ಹೇಳಬಲ್ಲೆ.

ನಿನ್ನ ಮಗ
ಬೀರಲಿಂಗಪ್ಪ

*

ಜಗಳೂರು
೨೫ ಜನವರಿ ೧೯೮೧

ಅಂಜಕ್ಕನಿಗೆ ಹೊನ್ನೂರಮ್ಮ ಬರೆಸುವ ಕಾಗದ. ಬರೆಯುತ್ತಿರುವವನು ಬೀರ. ನಿನ್ನ ಕೆಲಸ ಈಗ ನನಗೆ ಬಂದಿದೆ.

ಅವ್ವ ಹೇಳುತ್ತಾಳೆ: ನಾವೆಲ್ಲ ಆರಾಮಾಗಿದ್ದೀವಿ. (ಅವ್ವನ ಕಾಲಿಗೆ ಮುಳ್ಳು ಚುಚ್ಚಿ ಕುಂಟುತ್ತಿದ್ದಾಳೆ. ನೀರು ದೂರ ಎಂದು ದಿನಾ ನನ್ನನ್ನು ಬೈಯುತ್ತಾಳೆ. ಮೊದಲೇ ಬರೆದಿದ್ದೆ ಅಂದರೆ, ಬರೆದದ್ದಕ್ಕೇ ಬೈಯುತ್ತಾಳೆ.)

ಅವ್ವ ಹೇಳುತ್ತಾಳೆ: ಉಚ್ಚಂಗೆಪ್ಪನ ಕೆಮ್ಮು ಪೂರ್ತಿ ಹೋಗೈತೆ. (ಪೂರ್ತಿ ಹೋಗಿಲ್ಲ ಅಕ್ಕಾ. ಬೆಳಿಗ್ಗೆ ಹೊತ್ತು ಇದೆ. ಬಾಗಿಲು ತೆಗೆದುಕೊಂಡು ಕೂರುತ್ತಾನೆ.)

ಲಾರಿಯಿಂದ ಸಾಮಾನು ಇಳಿಸಿದ ದಿನ ಅಪ್ಪ ಮನೆಯೊಳಗೆ ಬರಲಿಲ್ಲ. ಬೀದಿಯ ಆ ತುದಿಯಿಂದ ಈ ತುದಿಗೆ ನಡೆದ, ಮತ್ತೆ ವಾಪಸ್ ನಡೆದ. ಸೊಕ್ಕೆಯಿಂದ ಸಂತೆಗೆ ಬಂದಿದ್ದ ಒಬ್ಬ ಮುದುಕ ಗುರುತು ಹಿಡಿದು, “ಏನೋ ಉಚ್ಚಂಗಾ, ಕಾಲಿಡಲ್ಲ ಅಂದಿದ್ದೆ?” ಎಂದು ಕೂಗಿದ. ಅಪ್ಪ ನಿಂತ. “ಅದು ಸೊಕ್ಕೆ ಗುಂಡಿಗೆ ಕಣೋ,” ಎಂದು ಹೇಳಿ ಒಳಗೆ ಬಂದ. ಕೊಟ್ರಮ್ಮಜ್ಜಿ ಜಗುಲಿಯ ಮೇಲೆ ಕೂತು ತೊಡೆ ತಟ್ಟಿಕೊಂಡು ನಕ್ಕಳು.

ಒಳಗೆ ಬಂದವನು ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಆಮೇಲೆ ಸೂರು ನೋಡಿದ, ನನ್ನನ್ನು ನೋಡಿದ. “ನಿನ್ನ ಬಾಯಿಗೂ ಒಂದು ಸೂರು ಸಿಕ್ಕಿತಲ್ಲೋ,” ಅಂದ. ಅವ್ವ ಒಲೆಯ ಕಡೆ ತಿರುಗಿಕೊಂಡಳು.

ಅವ್ವ ಹೇಳುತ್ತಾಳೆ: ನೀನು ಕೊಟ್ಟ ಹುಣಸೆಬೀಜವೂ ಡಬ್ಬಿಯಾಗೆ ಬಂದೈತೆ, ಇವತ್ತು ಅದರದೇ ಗಂಜಿ. (ಇದು ನಿಜ. ನಾನೇ ಹುರಿದೆ, ಸಿಪ್ಪೆ ಬಿಡಿಸಿದೆ. ಬೆರಳ ತುದಿ ಇನ್ನೂ ಉರಿಯುತ್ತಿದೆ.)

ಅವ್ವ ಹೇಳುತ್ತಾಳೆ: ಬೀರ ಇಲ್ಲೇ ನಿಂತ ಅಂತ ಬರಿ.

ಇದನ್ನು ಹೇಗೆ ಬರೆಯಲಿ ಅಕ್ಕಾ? ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ ಎಂದೆ. ಬರಿಯೋ ಅಂತಾಳೆ. ಅಂಗಾಲು ತುರಿಸಿಲ್ಲ ಎಂದು ಬೇಕಾದರೆ ಬರೆಯುತ್ತೇನೆ ಎಂದೆ. ಹಾಗಂತಲೇ ಬರಿ, ಅಂಜಮ್ಮನಿಗೆ ಅರ್ಥ ಆಗ್ತೈತೆ ಅಂದಳು. ಈಗ ಎರಡನೇ ರೊಟ್ಟಿ ತಟ್ಟೆಗೆ ಹಾಕಿ ಹೋದಳು. ಲೆಕ್ಕ ಸರಿಯಾಗಿದೆಯಂತೆ.

ಹೊರಗೆ ಬಿಸಿಲು ಬಲಿತಿದೆ. ಹಾಸು ಬೀದಿಯುದ್ದ ಹರಡಿಯಾಯಿತು. ಅಪ್ಪ ಕುಂಚ ಹಿಡಿದು ಆ ತುದಿಯಲ್ಲಿ ನಿಂತು ಕೂಗುತ್ತಿದ್ದಾನೆ.

“ಏ ಬೀರಾ, ಬಿಗಿ ಸಡಿಲ ಆಗೈತೆ. ಯಾರು ಹಿಡಿಯೋರು ಆ ತುದಿ?”

“ನಾನು,” ಅಂದೆ ಅಕ್ಕಾ. ಹೋಗಬೇಕು.

ಬೀರಲಿಂಗಪ್ಪ